ಏಳನೆಯ ವಾರದ ತಲೆ

"ನಾನು ಕಾಯ್ತೀನಿ ಬಿಡಿ, ಅವಸರ ಏನಿಲ್ಲ," ಎಂದು ನಿವೃತ್ತ ಪೋಸ್ಟ್‌ಮಾಸ್ಟರು ಬೆಂಚಿನ ಮೇಲೆ ಕೂತು ಪೇಪರು ಬಿಡಿಸಿದರು. ಕಟಿಂಗ್ ಅಂಗಡಿಯ ಎರಡನೆಯ ಕುರ್ಚಿ, ಕಿಟಕಿ ಪಕ್ಕದ್ದು, ಖಾಲಿಯೇ ಇತ್ತು. ಅದರ ಹಿಂದೆ ಅಂಗಡಿಯವನ ಮಗಳು ಕತ್ತರಿ ಹಿಡಿದು ನಿಂತಿದ್ದಳು. ಬೆಳಗಿನಿಂದ ಅಪ್ಪನ ಕುರ್ಚಿಗೇ ಕಾಯುತ್ತೇನೆ ಎಂದವರಲ್ಲಿ ಇವರು ಆರನೆಯವರು. ಭಾನುವಾರದ ದಿನ ಊರಿಗೆ ಊರೇ ಇಷ್ಟು ತಾಳ್ಮೆ ಕಲಿತದ್ದಕ್ಕೆ ಕಾರಣ ಅವಳ ತಲೆ.

ತಲೆಯೂ ಹಾಗೇ ಇತ್ತು ಅನ್ನಿ. ಏಳು ವಾರದ ಹಿಂದೆ ಅವಳು ತನ್ನ ಗುಂಗುರು ಕೂದಲನ್ನು ಚೌಕ ಚೌಕವಾಗಿ ಪಾಲು ಮಾಡಿ, ಅರವತ್ತೆಂಟು ಎಳೆಗಳಾಗಿ ಹೊಸೆದು ಜಟೆಗೆ ಬಿಟ್ಟಿದ್ದಳು. ಜಟೆ ಗಟ್ಟಿಯಾಗಿ ಕೂಡಿಕೊಳ್ಳಲು ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಅದು ಇತ್ತ ಬಾಚಿದ ತಲೆಯೂ ಅಲ್ಲ, ಅತ್ತ ಜಟೆಯೂ ಅಲ್ಲ. ಬೆರಳುದ್ದದ ಎಳೆಗಳು ದಿಕ್ಕಿಗೊಂದರಂತೆ ನಿಂತಿದ್ದವು. ತೊಳೆದರೆ ಅರ್ಧ ಬಿಚ್ಚಿಕೊಳ್ಳುತ್ತಿದ್ದವು, ತೊಳೆಯದಿದ್ದರೆ ನೆತ್ತಿ ಕಡಿಯುತ್ತಿತ್ತು. ಕೆರೆದರೆ ಎಳೆ ಸಡಿಲವಾಗುತ್ತದೆಂದು ಬೆರಳ ತುದಿಯಿಂದ ತಟ್ಟಿಕೊಂಡು ಹಲ್ಲುಕಚ್ಚಿ ಸುಮ್ಮನಿರುತ್ತಿದ್ದಳು. ಚಿಕ್ಕಂದಿನಲ್ಲಿ ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತಿದ್ದವಳು ಅವಳು. ಮೂವತ್ತು ವರ್ಷ ಕಣ್ಣಲ್ಲಿ ನೀರು ತಂದುಕೊಂಡು ಬಾಚಿದ್ದು ಸಾಕು ಎಂದು ತೀರ್ಮಾನ ಮಾಡಿಯಾಗಿತ್ತು.

ತನ್ನ ಕುರ್ಚಿಯಲ್ಲಿದ್ದ ಗಿರಾಕಿಯನ್ನು ಮುಗಿಸಿ ಕಳಿಸಿ, ನೀರು ಕುಡಿಯುವ ನೆಪದಲ್ಲಿ ಅಪ್ಪ ಹತ್ತಿರ ಬಂದ.

"ನೋಡಮ್ಮ, ಅಡುಗೆಯವನ ಅಂಗಿ ಗಲೀಜಾಗಿದ್ರೆ ಊಟಕ್ಕೆ ಯಾರು ಕೂರ್ತಾರೆ? ಈ ತಿಂಗಳು ನೋಡ್ತೀನಿ. ಆಮೇಲೆ ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ಕರೀಬೇಕಾಗತ್ತೆ."

"ನನಗೆ ಆರು ತಿಂಗಳು ಬೇಕಪ್ಪ."

"ಬೇರೆ ಅಂಗಡಿ ಹುಡುಕೋಕೆ ಗಿರಾಕಿಗೆ ಆರು ನಿಮಿಷ ಸಾಕು."

ಮಗಳು ಬೆರಳ ತುದಿಯಿಂದ ನೆತ್ತಿ ತಟ್ಟಿಕೊಂಡಳು. "ಹಾಗಾದ್ರೆ ಕತ್ತಿನ ಹತ್ರ, ಕಿವಿ ಸುತ್ತ ಮಷೀನ್ ಹಾಕಿ ಅಂಚು ತೀಡಿಕೊಡು. ಅಂಚು ನೀಟಾಗಿದ್ರೆ, ಬೇಕಂತಲೇ ಬಿಟ್ಟಿದ್ದು ಅಂತ ಜನಕ್ಕೆ ಗೊತ್ತಾಗತ್ತೆ. ಐದೇ ನಿಮಿಷ. ಹೇಗೂ ಪೋಸ್ಟ್‌ಮಾಸ್ಟರಿಗೆ ಅವಸರ ಇಲ್ವಂತೆ."

ಅಪ್ಪನ ಕುರ್ಚಿಯಲ್ಲಿ ಕೂತು ಕತ್ತು ಬಗ್ಗಿಸಿದಳು. ಮಷೀನು ಗುಂಯ್‌ಗುಟ್ಟಿತು. ಮೇಲಿನ ಮನೆಯ ನಲ್ಲಿ ಸೋರಿ ತಮ್ಮ ಪುಸ್ತಕಗಳೆಲ್ಲ ನೆಂದುಹೋದ ಕಥೆಯನ್ನು ಪೋಸ್ಟ್‌ಮಾಸ್ಟರು ಶುರು ಮಾಡಿದರು. ಅಪ್ಪ "ಹೌದಾ? ಆಮೇಲೆ?" ಎನ್ನುತ್ತಾ ಅಂಚು ತೀಡಿದ. ಅಂಚು ಸ್ಕೇಲಿಟ್ಟು ಎಳೆದಷ್ಟು ನೇರ ಬಂತು. ಆದರೆ ಮೂವತ್ತೈದು ವರ್ಷದಿಂದ ಆ ಕೈ ಪ್ರತಿ ತಲೆಯನ್ನೂ ಮುಗಿಸಿದ್ದು ಒಂದೇ ಥರ: ಕತ್ತಿಗೆ ಬ್ರಶ್ಶು ಆಡಿಸಿ, ಪೌಡರು ಹಚ್ಚಿ, ಕೊನೆಗೆ ನೆತ್ತಿಯಿಂದ ಕೆಳಕ್ಕೆ ಬಾಚುವುದು. ಬಾಯಿ ಸೋರುವ ನಲ್ಲಿಯ ವಿಚಾರ ಕೇಳುತ್ತಿದ್ದಾಗ ಕೈ ತನ್ನ ಕೆಲಸ ಮುಗಿಸಿತು. ಜರ್ರನೆ ಎರಡು ಸಲ. ಮಗಳು ಕಿರುಚಿದ ಮೇಲೆ ಅಪ್ಪ ತನ್ನ ಕೈ ನೋಡಿಕೊಂಡ. ಬಾಚಣಿಗೆಯ ಹಲ್ಲಿನಲ್ಲಿ ಕೂದಲಿತ್ತು.

"ಅಯ್ಯೋ, ಕೈ ಅದರ ಪಾಡಿಗೆ ಹೋಯ್ತಲ್ಲಮ್ಮ..."

ಪೋಸ್ಟ್‌ಮಾಸ್ಟರು ಪೇಪರಿನ ಹಿಂದೆ ಅಡಗಿದರು. ಮಗಳು ಕೈಗನ್ನಡಿ ಹಿಡಿದು ಹಿಂದುಗಡೆ ನೋಡಿಕೊಂಡಳು. ನಾಲ್ಕು ಎಳೆಗಳು ಪೂರ್ತಿ ಬಿಚ್ಚಿ ಹರಡಿಕೊಂಡಿದ್ದವು. ಏಳು ವಾರದ ಕಡಿತ, ಮಲಗುವಾಗಲೆಲ್ಲ ಸುತ್ತಿಕೊಂಡ ರೇಷ್ಮೆ ಬಟ್ಟೆ, ಕೇಳಿಸಿಕೊಂಡ ಕುಹಕ, ಎಲ್ಲ ಎರಡು ಎಳೆತಕ್ಕೆ ನೀರಿನಲ್ಲಿ ಹೋಮವಾಗಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಹೇಗೂ ಬಿಚ್ಚಿತಲ್ಲ," ಅಪ್ಪ ಮೆಲ್ಲಗೆ ಹೇಳಿದ. "ಎಲ್ಲಾನೂ ಬಿಡಿಸಿಬಿಡ್ಲಾ? ನೋಯದ ಹಾಗೆ ಬಾಚ್ತೀನಿ. ನಾಳೆಯಿಂದ ನಿನ್ನ ಕುರ್ಚಿಗೂ ಜನ ಬರ್ತಾರೆ."

ಆಸೆ ಹುಟ್ಟಿಸುವ ಮಾತೇ ಅದು. ಎರಡು ಗಂಟೆ ಕೂತರೆ ಕಡಿತವೂ ಮುಗಿಯಿತು, ಕುರ್ಚಿಯೂ ಉಳಿಯಿತು. ಅವಳು ಕನ್ನಡಿಯಲ್ಲಿ ಉಳಿದ ಅರವತ್ತನಾಲ್ಕನ್ನು ನೋಡಿದಳು.

"ಬೇಡ. ಬಿಚ್ಚಿದ್ದು ನೀನು, ಹೊಸೆಯೋನೂ ನೀನೇ. ಬಾಚಣಿಗೆ ಕೆಳಗಿಡು."

"ನನಗೆ ಬರಲ್ವಲ್ಲೇ!"

"ಕಲಿ. ನನಗೆ ಕತ್ತರಿ ಹಿಡಿಯೋಕೆ ಬರ್ತಿತ್ತಾ? ಮೊಟಕಿ ಮೊಟಕಿ ಕಲಿಸಲಿಲ್ವಾ ನೀನು?"

ಜೀವನವಿಡೀ ಸಿಕ್ಕು ಬಿಡಿಸಿ ಹೊಟ್ಟೆ ಹೊರೆದವನಿಗೆ ಸಿಕ್ಕು ಕಟ್ಟುವ ಕೆಲಸ ಬಂತು. ಮೊದಲನೆಯ ಎಳೆ ಕೈಬಿಟ್ಟ ಕೂಡಲೇ ಬಿಚ್ಚಿತು. "ಬಲಕ್ಕಪ್ಪ, ಎಲ್ಲಾ ಬಲಕ್ಕೇ ತಿರುಗಿವೆ," ಎಂದು ಮಗಳು ಗದರಿದಳು. ಎರಡನೆಯದು ಸಡಿಲವಾಯಿತು. ಅಪ್ಪನಿಗೆ ಹಟ ಬಂತು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬೆರಳು ಒದ್ದೆ ಮಾಡಿಕೊಂಡು ಕೂದಲಿನ ಬುಡದಿಂದ ಹೊಸೆಯತೊಡಗಿದ.

ಆ ತಲೆಯನ್ನು ಅಷ್ಟು ಹತ್ತಿರದಿಂದ ನೋಡಿ ವರ್ಷಗಳೇ ಆಗಿದ್ದವು. ಕಿವಿಯ ಮೇಲೆ, ಎಳೆದೆಳೆದು ಬಾಚಿ ಬೋಳಾಗಿದ್ದ ಎರಡು ಬೆರಳಗಲದ ಜಾಗದಲ್ಲಿ ಹೊಸ ಕೂದಲು ಸಣ್ಣಗೆ ಮೂಡಿತ್ತು. ಮಂಚದಡಿಯಿಂದ ಅವಳನ್ನು ಎಳೆದು ಕೂರಿಸಿ ಅಲ್ಲಿ ಮೊದಲು ಬಾಚಿದ ಕೈ ತನ್ನದೇ. ಅವನಿಗೆ ನಾಚಿಕೆಯಾಯಿತು. ನಾಲ್ಕೂ ಎಳೆ ಹೊಸೆದು, ಮೊದಲನೆಯದು ಮನಸ್ಸಿಗೆ ಬರದೆ ಅದನ್ನು ಬಿಚ್ಚಿ ಇನ್ನೊಮ್ಮೆ ಹೊಸೆದ.

"ಇನ್ನು ನನ್ನ ಸರದಿ ತಾನೇ?" ಎಂದು ಪೋಸ್ಟ್‌ಮಾಸ್ಟರು ಎದ್ದರು.

"ಇನ್ನೊಬ್ಬರಿದ್ದಾರೆ," ಎಂದ ಅಪ್ಪ.

ಪೋಸ್ಟ್‌ಮಾಸ್ಟರು ಸುತ್ತ ನೋಡಿದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂವತ್ತೈದು ವರ್ಷದಿಂದ ಹಿಂದಿನ ಬೀದಿಯ ಕಟಿಂಗ್ ಅಂಗಡಿಯ ಗೆಳೆಯನೊಬ್ಬನಿಗಲ್ಲದೆ ಬೇರೆ ಯಾರ ಕತ್ತರಿಗೂ ತಲೆ ಕೊಡದ ಅಪ್ಪ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ನೇರ ಹೋಗಿ ಮಗಳ ಕುರ್ಚಿಯಲ್ಲಿ ಕೂತು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದ.

"ಬಟ್ಟೆ ಹೊದಿಸಮ್ಮ," ಅಂದ. "ನಿಧಾನಕ್ಕೆ ಮಾಡು, ಬೀದಿಗೆಲ್ಲ ಕಾಣ್ಲಿ."