ಎಳೆದುಕೊಟ್ಟ ಕುರ್ಚಿ

"ಕೂತುಕೊಳ್ಳಿ ವಾರಿಜಕ್ಕ" ಎಂದು ಸುಜಿತ್ ಊಟದ ಮೇಜಿನ ಕುರ್ಚಿ ಎಳೆದುಕೊಟ್ಟಾಗಲೇ ಏನೋ ಕೆಟ್ಟ ಸುದ್ದಿ ಇದೆ ಎಂದು ವಾರಿಜಾಕ್ಷಿಗೆ ಅನ್ನಿಸಿತು. ದುಬೈಯ ಈ ಫ್ಲಾಟಿಗೆ ಕೆಲಸಕ್ಕೆ ಬಂದಂದಿನಿಂದ ಆ ಕುರ್ಚಿಗಳನ್ನು ಒರೆಸಿದ್ದಳೇ ಹೊರತು ಒಮ್ಮೆಯೂ ಕೂತವಳಲ್ಲ. ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ತುದಿಯಲ್ಲಿ ಕೂತಳು.

"ಕಂಪನಿ ನನ್ನನ್ನು ತೆಗೆಯಿತು. ಅರ್ಧ ಸಂಬಳಕ್ಕೆ ಊರಿನಿಂದ ಹೊಸ ಇಂಜಿನಿಯರನ್ನು ವೀಸಾ ಕೊಟ್ಟು ಕರೆಸಿದ್ದಾರೆ. ನಿಮ್ಮ ವೀಸಾ ಇರುವುದು ನನ್ನ ಹೆಸರಲ್ಲಿ ಅಲ್ವಾ, ನನ್ನದು ಕ್ಯಾನ್ಸಲ್ ಆಗುವ ಮೊದಲು ನಿಮ್ಮದು ಕ್ಯಾನ್ಸಲ್ ಆಗಿ ನೀವು ಊರಿಗೆ ಹೋಗಬೇಕು." ಅವನ ಹೆಂಡತಿ ಅಶ್ಮಿತಾ ಅಡುಗೆಮನೆ ಬಾಗಿಲಲ್ಲಿ ಮುಖ ತಿರುಗಿಸಿ ನಿಂತಿದ್ದಳು.

ವಾರಿಜಾಕ್ಷಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. "ಆ ಹೊಸಬರು ಹೆಂಡತಿ ಮಕ್ಕಳನ್ನು ಕರ್ಕೊಂಡು ಬಂದಿದ್ದಾರಾ ಸರ್? ಮನೆಕೆಲಸಕ್ಕೆ ಜನ ಬೇಕಾದೀತು. ನನ್ನ ಬಗ್ಗೆ ಒಂದು ಮಾತು ಹೇಳ್ತೀರಾ?"

ಸುಜಿತ್ ತಲೆ ಎತ್ತಲಿಲ್ಲ. "ಅವನಿಗೆ ಕೊಡುವಷ್ಟು ಕಡಿಮೆ ಸಂಬಳಕ್ಕೆ ಕೆಲಸದವರನ್ನು ಇಟ್ಟುಕೊಳ್ಳಲಿಕ್ಕೆ ಇಲ್ಲಿನ ಸರ್ಕಾರದ ಪರ್ಮಿಷನ್ ಸಿಗುವುದಿಲ್ಲ ಅಕ್ಕ."

ಅವಳು ಎದ್ದಳು. ತಾನು ಕೂತಿದ್ದ ಜಾಗವನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ, ಕುರ್ಚಿಯನ್ನು ಮೊದಲಿದ್ದ ಹಾಗೆಯೇ ಮೇಜಿನಡಿಗೆ ತಳ್ಳಿದಳು.