ನೋಡುವ ಜಾಗ

ವರದಾಳ ಕೈಯಿಂದ ಬಿಚ್ಚಿಸಿದ ಹಸಿರು ಬಳೆಗಳನ್ನು ನರ್ಸ್ ತಂದು ಆಕೆಯ ತಾಯಿ ಅಂಬೂಬಾಯಿಯ ಉಡಿಗೆ ಹಾಕಿ, ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

“ಬಾಗಿಲ ಮ್ಯಾಲ ಏನ ಬರದಾರಪ್ಪ?”

“ಆಪರೇಷನ್ ಥಿಯೇಟರ್,” ಎಂದ ಮಗ ಸಾರಂಗ.

“ಥಿಯೇಟರ್ ಅಂದ್ರ ನಾಟಕ ಆಡೋದಲ್ಲೇನು?”

ಭಾಲ್ಕಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನಿಗೆ ಸುಮ್ಮನಿರಲಾಗಲಿಲ್ಲ. “ಅದೇ ಶಬ್ದ ಅವ್ವಾ. ಗ್ರೀಕರದು. ಕುಂತು ನೋಡೋ ಜಾಗ ಅಂತ ಅರ್ಥ. ಹಿಂದಕ ಆಪರೇಷನ್ನೂ ಮಂದಿ ಸುತ್ತ ಕುಂತು ನೋಡ್ತಿದ್ರು.”

“ಹಂಗಿದ್ರ ನಾನೂ ನೋಡ್ತೇನಿ.”

ಅಂಬೂಬಾಯಿ ಎದ್ದು ಬಾಗಿಲಿನ ಗುಂಡು ಗಾಜಿಗೆ ಮುಖ ಹಚ್ಚಿದಳು. ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು. ಒಂದು ಕೈಯಲ್ಲಿ ಬಳೆ ಹಿಡಿದು ಇನ್ನೊಂದರ ಉಗುರಿನಿಂದ ಕೆರೆದಳು. ಸೆರಗಿನಿಂದ ಒರೆಸಿ ಮತ್ತೆ ಕೆರೆದಳು. ಬಣ್ಣ ಒಳಗಿನ ಬದಿಗಿತ್ತು. ಸಾರಂಗ ಅವಳ ಕೈಯ ಬಳೆಗಳನ್ನು ತಾನು ಹಿಡಿದುಕೊಂಡ.