ಜಿಗಿಯುವ ಹೊತ್ತು

ಚಂದ್ರನ ಮೇಲಿನ ಮೈದಾನದಲ್ಲಿ ಎಸೆದ ಚೆಂಡು ಇಳಿಯಲು ಇಪ್ಪತ್ತು ಸೆಕೆಂಡು ಬೇಕು. ಅಷ್ಟು ಹೊತ್ತು ಆಟಗಾರರು ಹರಟೆ ಹೊಡೆಯುವುದು ವಾಡಿಕೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹದಿನಾಲ್ಕು ವರ್ಷ ಪಾಸ್ ಹಿಡಿದ ರಿಸೀವರ್ ಕಾವೇರಪ್ಪನಿಗೆ, ಈಗ ಮೇಲೆ ಹಾರುತ್ತಿದ್ದ ಈ ಚೆಂಡು ಕೈತಪ್ಪಿದರೆ ಮುಂದಿನ ಸೀಸನ್ನಿಗೆ ಜಾಗವಿಲ್ಲವೆಂದು ಕೋಚ್ ಹೇಳಿಬಿಟ್ಟಿದ್ದರು.

“ಏನ್ ತಾತ, ಮಂಡಿ ಏನಂತಿದೆ?” ಅವನ ಕಾವಲಿಗಿದ್ದ ಎದುರಾಳಿ ಹುಡುಗಿ ಇಂಚರ ಕೆಣಕಿದಳು.

“ನಿನ್ನನ್ನೇ ಕೇಳ್ತಿದೆ ಕಣಮ್ಮ. ಅಣ್ಣನ ಮದುವೆ ಆಯ್ತಾ?”

“ಆಯ್ತು, ಅತ್ತಿಗೆ ತುಂಬಾ…” ಎನ್ನುತ್ತಲೇ ಅವಳು ತಡೆಯಲಾರದೆ ಜಿಗಿದುಬಿಟ್ಟಳು. ಹೊಸಬರೆಲ್ಲ ಮಾಡುವ ತಪ್ಪು. ಚೆಂಡು ಇನ್ನೂ ಎತ್ತರದಲ್ಲಿತ್ತು. ಅವಳಾಗಲೇ ಕೈಕಾಲು ಬಡಿಯುತ್ತ ಇಳಿಯತೊಡಗಿದ್ದಳು. ಆಗ ಕಾವೇರಪ್ಪ ಜಿಗಿದ, ಅವಳನ್ನು ದಾಟಿ ಮೇಲೇರಿದ, ಚೆಂಡನ್ನು ಎದೆಗವಚಿಕೊಂಡ.

“ಬಾರಯ್ಯ, ಒಪ್ಪಂದಕ್ಕೆ ಸಹಿ ಹಾಕು!” ಕೆಳಗಿನಿಂದ ಕೋಚ್ ಕೂಗಿದರು.

“ಸ್ವಲ್ಪ ಇರಿ ಮೇಡಂ,” ಕಾವೇರಪ್ಪ ನಕ್ಕ, “ನಾನಿನ್ನೂ ಮೇಲೇ ಇದ್ದೀನಿ!”